ಮೊದಲ ಸಂಬಳದ ಲೆಕ್ಕ

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ನೆರೆಮನೆಯ ಗೃಹಸ್ಥರೊಬ್ಬರು ಮಗನ ನೇಮಕಾತಿ ಪತ್ರವನ್ನು ಹಿಡಿದುಕೊಂಡು ಬಂದರು. ಬಿ.ಕಾಂ. ಮುಗಿಸಿದ ಹುಡುಗನಿಗೆ ಬೆಂಗಳೂರಿನಲ್ಲಿ ದೊರೆತ ಮೊದಲ ನೌಕರಿ. ವರ್ಷಕ್ಕೆ 3 ಲಕ್ಷ ರೂಪಾಯಿ ಎಂದು ಪತ್ರದಲ್ಲಿತ್ತು. ತಿಂಗಳಿಗೆ 25,000 ಬರುವುದೆಂದು ಎಣಿಸಿದ ತಂದೆ, ಮನೆಸಾಲಕ್ಕೆ ಮಗನಿಂದ 10,000 ಗೊತ್ತುಮಾಡಿದ್ದರು. ಹುಡುಗ ಕಳುಹಿಸಿದ್ದು 7,000. ತನ್ನ ಕೈಗೆ ಬಂದದ್ದೇ 22,000 ಎಂದನಂತೆ.

“ಮೂರು ಸಾವಿರ ಎಲ್ಲಿ ಹೋತ್ರೀ ಗುರುಗಳ? ಮಗಾ ನನ್ನ ಮುಂದ ಸುಳ್ಳ ಹೇಳಾಕತ್ತಾನ” ಎಂದವರ ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಹದಿನೈದು ದಿನಗಳಿಂದ ತಂದೆಮಗನಲ್ಲಿ ಮಾತಿರಲಿಲ್ಲ.

ಮಠದ ಪಾಠಶಾಲೆಯಲ್ಲಿ ತರ್ಕ, ವ್ಯಾಕರಣ ಓದಿದ ನನಗೂ ಆ ಪತ್ರ ಒಂದೇ ಓದಿಗೆ ತಿಳಿಯಲಿಲ್ಲ. ಅಲ್ಲಿ ಬರೆದದ್ದು ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚವೇ ಹೊರತು ಕೈಗೆ ಬರುವ ಸಂಬಳವಲ್ಲ. ಮೂಲವೇತನ 12,500. ಅದರ ಶೇಕಡಾ 12, ಅಂದರೆ 1,500 ರೂಪಾಯಿ, ಹುಡುಗನ ಪಾಲಾಗಿ ಭವಿಷ್ಯ ನಿಧಿಗೆ ಸಲ್ಲುತ್ತದೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆ ಹಣವನ್ನೂ 25,000ದೊಳಗೇ ಎಣಿಸಲಾಗಿತ್ತು. ಎಳೆಯರಲ್ಲಿ ಆಸೆ ಹುಟ್ಟಿಸುವ ಈ ಬರವಣಿಗೆ ನನಗಂತೂ ಸರಿಕಾಣದು. ಕಂಪನಿಯ ಪಾಲಿನ ಬಹುಭಾಗ ಪಿಂಚಣಿಗೆ, ಉಳಿದದ್ದು ಹುಡುಗನ ಖಾತೆಗೆ. ಕೆಲಸ ಬದಲಾಯಿಸಿದರೂ 12 ಅಂಕಿಗಳ ಅದೇ ಯುಎಎನ್ ಸಂಖ್ಯೆಯನ್ನು ಹೊಸ ಕಡೆ ಕೊಟ್ಟು ಖಾತೆ ಮುಂದುವರಿಸಬೇಕೆಂದೂ, ಅವಸರದಿಂದ ಹಣ ತೆಗೆಯಬಾರದೆಂದೂ ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಪಡಸಾಲೆಯಿಂದಲೇ ಮಗನಿಗೆ ಫೋನ್ ಮಾಡಿ, “ಏಳು ಸಾವಿರ ಸಾಕಪಾ, ಊಟಕ್ಕ ಕಡಿಮಿ ಮಾಡ್ಕೋಬ್ಯಾಡ” ಎಂದರು.