ಬೇಳೆ, ಬಾಂಬು, ಬಾಡಿಗೆ ಮನೆ

ಲಂಡನ್ನಿನ ಒಂದು ಕೊಳಕು ಬಾಡಿಗೆ ಮನೆಯ ಅಡುಗೆಮನೆ. ಛಾವಣಿ ತೂತು ಮಾಡಿಕೊಂಡು ಬಿದ್ದ ಅಣುಬಾಂಬೊಂದು ಸಿಡಿಯದೆ ಫ್ರಿಜ್ಜಿನ ಪಕ್ಕ ನಿಂತಿದೆ. ಆ ಮನೆಯ ನಾಲ್ವರು ವಿದ್ಯಾರ್ಥಿಗಳಲ್ಲಿ ಒಬ್ಬ ಇದೇ ಸಮಯವೆಂದು, ಪ್ರಧಾನಿ ಥ್ಯಾಚರ್ ಅವರಿಗೆ ಬೆದರಿಕೆಯ ಟೆಲಿಗ್ರಾಂ ಕೊಡಲು ಪೋಸ್ಟಾಫೀಸಿಗೆ ಓಡುತ್ತಾನೆ. ಇನ್ನೊಬ್ಬ, ಅಣುಯುದ್ಧವಾದರೆ ಏನು ಮಾಡಬೇಕೆಂದು ಸರ್ಕಾರವೇ ಅಚ್ಚು ಹಾಕಿಸಿದ್ದ ಕೈಪಿಡಿಯನ್ನು ನಂಬಿ ಮೈಗೆಲ್ಲ ಬಿಳಿ ಬಣ್ಣ ಬಳಿದುಕೊಳ್ಳುತ್ತಾನೆ. ಮೂರನೆಯವನಿಗೆ ಬಾಂಬನ್ನು ಹೇಗಾದರೂ ಸಿಡಿಸಿ ನೋಡುವ ಆಸೆ. ಮನೆಯಲ್ಲಿ ನಿಜವಾದ ದಿಗಿಲು ಹುಟ್ಟುವುದು ಮಾತ್ರ ಟಿವಿ ಲೈಸೆನ್ಸ್ ಕೇಳುವವನು ಬಾಗಿಲಿಗೆ ಬಂದಾಗ. ಸಾಕ್ಷ್ಯ ಉಳಿಯಬಾರದೆಂದು ಆ ಮೂರನೆಯವನು ಟಿವಿಯನ್ನೇ ತಿಂದುಬಿಡುತ್ತಾನೆ!

ನಮ್ಮಲ್ಲೂ ರೇಡಿಯೊ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲವನ್ನು ಕಂಡವರಿಗೆ ಈ ದಿಗಿಲು ಅರ್ಥವಾದೀತು. ತಮಾಷೆಯೆಂದರೆ, ಈ ದೃಶ್ಯವಿರುವ ಟಿವಿ ಧಾರಾವಾಹಿಯನ್ನು ಪ್ರಸಾರ ಮಾಡಿದ ಬಿಬಿಸಿ ನಡೆಯುತ್ತಿದ್ದದ್ದೇ ಬ್ರಿಟನ್ನಿನ ಆ ಟಿವಿ ಲೈಸೆನ್ಸ್ ಹಣದಿಂದ.

ಧಾರಾವಾಹಿಯ ಹೆಸರು ‘ದಿ ಯಂಗ್ ಒನ್ಸ್’. 1982ರ ನವೆಂಬರ್ 9ರಂದು ಬಿಬಿಸಿಯ ಎರಡನೇ ವಾಹಿನಿಯಲ್ಲಿ ಶುರುವಾಗಿ 1984ರ ಜೂನ್‌ನಲ್ಲಿ ಮುಗಿಯಿತು. ಒಟ್ಟು ಹನ್ನೆರಡೇ ಕಂತು. ಬರೆದವರು ರಿಕ್ ಮೇಯಲ್, ಲೀಸ್ ಮೇಯರ್ ಮತ್ತು ಬೆನ್ ಎಲ್ಟನ್.

ಇದನ್ನು ಬರೆದವರು, ಇದರಲ್ಲಿ ನಟಿಸಿದವರ ಪೈಕಿ ಹೆಚ್ಚಿನವರು ಟಿವಿಗೆ ಬಂದದ್ದು ಕುಡಿಯುವವರ ನಡುವೆ ಮೈಕು ಹಿಡಿದು ನಿಂತ ಅನುಭವದಿಂದ. 1979ರಲ್ಲಿ ಲಂಡನ್ನಿನ ಸೋಹೊದಲ್ಲಿ, ಬೆತ್ತಲೆ ಕುಣಿತದ ಕ್ಲಬ್ಬೊಂದರ ಮೇಲಿನ ಮಹಡಿಯಲ್ಲಿ, ‘ಕಾಮಿಡಿ ಸ್ಟೋರ್’ ತೆರೆಯಿತು. ಅಲ್ಲಿ ಮೊದಲು ನಿರೂಪಕನಾಗಿದ್ದ ಅಲೆಕ್ಸಿ ಸೇಯ್ಲ್ ಪ್ರೇಕ್ಷಕರನ್ನು ಬೈದೇ ನಗಿಸುತ್ತಿದ್ದ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೊತೆಯಾಗಿದ್ದ ಮೇಯಲ್ ಮತ್ತು ಏಡ್ರಿಯನ್ ಎಡ್ಮಂಡ್ಸನ್ ಒಬ್ಬರಿಗೊಬ್ಬರು ಹೊಡೆದುಕೊಂಡು ನಗಿಸುತ್ತಿದ್ದರು. ಅತ್ತೆಯ ಮೇಲೆ, ಐರಿಷ್ ಜನರ ಮೇಲೆ, ಕರಿಯರ ಮೇಲೆ ಜೋಕು ಹೇಳುತ್ತಿದ್ದ ಹಳೆಯ ಕ್ಲಬ್ ಹಾಸ್ಯಗಾರರ ದಾರಿ ಬೇಡವೆಂದ ಈ ಗುಂಪಿಗೆ ‘ಪರ್ಯಾಯ ಹಾಸ್ಯ’ ಎಂಬ ಹೆಸರು ಅಂಟಿಕೊಂಡಿತು.

ಇಂಥವರಿಗೆ ಬಿಬಿಸಿ ದುಡ್ಡು ಕೊಟ್ಟಿದ್ದು ಹೇಗೆ? ಇಲ್ಲೊಂದು ಲೆಕ್ಕಪತ್ರದ ಜಾಣತನವಿದೆ. ಬಿಬಿಸಿಯಲ್ಲಿ ಹಾಸ್ಯ ಧಾರಾವಾಹಿಗಿಂತ ‘ವೆರೈಟಿ’ ಕಾರ್ಯಕ್ರಮಕ್ಕೆ, ಅಂದರೆ ಹಾಡು-ಕುಣಿತ-ನಗೆ ಬೆರೆತ ಕಾರ್ಯಕ್ರಮಕ್ಕೆ, ಹೆಚ್ಚು ಹಣ ಸಿಗುತ್ತಿತ್ತು. ಕಂತಿಗೊಂದು ಬ್ಯಾಂಡ್ ತಂದು ಕೂರಿಸಿದರೆ ನಮ್ಮದೂ ವೆರೈಟಿಯೇ ಅಲ್ಲವೇ ಎಂದು ಇವರು ವಾದ ಹೂಡಿದರು. ಹಾಗಾಗಿ ಕಥೆ ಏನೇ ಇರಲಿ, ನಡುವೆ ಇದ್ದಕ್ಕಿದ್ದಂತೆ ಮ್ಯಾಡ್‌ನೆಸ್‌ನವರೋ ಮೋಟರ್‌ಹೆಡ್‌ನವರೋ ಪ್ರತ್ಯಕ್ಷರಾಗಿ ಹಾಡಿ ಹೋಗುತ್ತಾರೆ. ಯಾರೂ ಏಕೆಂದು ಕೇಳುವುದಿಲ್ಲ. ಹುಚ್ಚಾಟದಂತೆ ಕಾಣುವ ಆ ಹಾಡಿನ ಹಿಂದೆ ಬಜೆಟ್ ಇತ್ತು.

ಪಾತ್ರಗಳಿಗೆ ಬರೋಣ. ಮೇಯಲ್ ಆಡಿದ ರಿಕ್ ಸಮಾಜಶಾಸ್ತ್ರದ ವಿದ್ಯಾರ್ಥಿ, ಸ್ವಯಂಘೋಷಿತ ಕ್ರಾಂತಿಕಾರಿ, ಕೆಟ್ಟ ಕವಿ, ಹುಟ್ಟಾ ಪುಕ್ಕಲ. ಲೋಕವನ್ನೇ ಬುಡಮೇಲು ಮಾಡಹೊರಟವನ ಆರಾಧ್ಯದೈವ ಮಾತ್ರ ಅಮ್ಮಂದಿರೂ ಮೆಚ್ಚುವಂಥ ಸಭ್ಯ ಗಾಯಕ ಕ್ಲಿಫ್ ರಿಚರ್ಡ್. ಧಾರಾವಾಹಿಯ ಹೆಸರೇ ಕ್ಲಿಫ್‌ನ ಹಳೆಯ ಸಿನಿಮಾದ್ದು. ಎಡ್ಮಂಡ್ಸನ್ ಆಡಿದ ವಿವಿಯನ್ ವೈದ್ಯಕೀಯ ವಿದ್ಯಾರ್ಥಿ (ದೇವರೇ ಗತಿ), ಹಣೆಯಲ್ಲಿ ನಾಲ್ಕು ಲೋಹದ ನಕ್ಷತ್ರ ಮೆತ್ತಿಕೊಂಡ ಪಂಕ್. ಬಾಗಿಲಿದ್ದರೂ ಗೋಡೆ ಒಡೆದುಕೊಂಡೇ ಬರುವವನು. ಅವನು ಸಾಕಿದ ಹ್ಯಾಮ್‌ಸ್ಟರ್ ಇಲಿಯ ಹೆಸರು ‘ಸ್ಪೆಷಲ್ ಪಟ್ರೋಲ್ ಗ್ರೂಪ್’. ಅದು ಲಂಡನ್ ಪೊಲೀಸರಲ್ಲಿ ಹೊಡೆತಕ್ಕೆ ಹೆಸರಾಗಿದ್ದ ಪಡೆಯ ಹೆಸರು. ನೈಜೆಲ್ ಪ್ಲೇನರ್ ಆಡಿದ ನೀಲ್ ಉದ್ದಗೂದಲಿನ, ಅಳುಮೋರೆಯ ಹಿಪ್ಪಿ. ಮನೆಗೆಲಸವೆಲ್ಲ ಅವನದೇ. ಅವನು ದಿನವೂ ಬೇಳೆ ಬೇಯಿಸಿ ಹಾಕುತ್ತಾನೆ, ಉಳಿದವರು ಮೂಗು ಮುರಿಯುತ್ತಾರೆ. ಬೇಳೆ ತಿನ್ನುವುದರಲ್ಲಿ ನಗುವಂಥದ್ದೇನು ಎಂದು ಸಾರಿನ ನಾಡಿನವರಾದ ನಮಗೆ ಅನ್ನಿಸಬಹುದು. ಆದರೆ ಮಾಂಸವಿಲ್ಲದ ಊಟವನ್ನು ಊಟವೆಂದೇ ಎಣಿಸದಿದ್ದ ಆ ಊರಿನಲ್ಲಿ ಬೇಳೆಯೆಂದರೆ ಹಿಪ್ಪಿಗಳ ವ್ರತ.

ನಾಲ್ಕನೆಯವನು ಮೈಕ್. ಮನೆಯ ಯಜಮಾನಿಕೆ, ವ್ಯವಹಾರ ಅವನ ಕೈಯಲ್ಲಿ. ಈ ಪಾತ್ರ ಅದೇ ಹಾಸ್ಯಗಾರರ ಗುಂಪಿನ ಪೀಟರ್ ರಿಚರ್ಡ್‌ಸನ್‌ಗೆ ಸಲ್ಲಬೇಕಿತ್ತು. ನಿರ್ಮಾಪಕ ಪಾಲ್ ಜಾಕ್ಸನ್ ಜೊತೆ ಹೊಂದದೆ ಅವರು ಹೊರನಡೆದರು, ಕ್ರಿಸ್ಟೋಫರ್ ರಯನ್ ಬಂದರು. ಉಳಿದ ಮೂವರು ತಮ್ಮ ವೇದಿಕೆಯ ವೇಷಗಳನ್ನೇ ಹೊತ್ತು ತಂದಿದ್ದರೆ ಮೈಕ್ ಮಾತ್ರ ಹೊರಗಿನಿಂದ ಬಂದವನಂತೆ ಕಾಣುವುದಕ್ಕೆ ಇದೂ ಕಾರಣವಿರಬೇಕು.

ಈಗ ಅವರ ಕೂದಲು, ಬಟ್ಟೆ ಮರೆತು ನೋಡಿ. ಯಜಮಾನಿಕೆ ನಡೆಸುವ ಅಪ್ಪ, ಬೇಯಿಸಿ ಬಡಿಸಿ ಗೋಳಾಡುವ ಅಮ್ಮ, ಸದಾ ಕಚ್ಚಾಡುವ ಇಬ್ಬರು ಮಕ್ಕಳು. ಸಂಸಾರದ ಹಾಸ್ಯವನ್ನು ಒಡೆಯುತ್ತೇವೆಂದು ಬಂದವರು ಸಂಸಾರದ ಪಂಚಾಂಗವನ್ನು ಕದಲಿಸಲಿಲ್ಲ. ಗೋಡೆಗಳನ್ನಷ್ಟೇ ಒಡೆದರು. ಒಂದು ಕಂತಿನಲ್ಲಿ, ಬಿಬಿಸಿಯದೇ ಜನಪ್ರಿಯ ಕೌಟುಂಬಿಕ ಧಾರಾವಾಹಿ ‘ದಿ ಗುಡ್ ಲೈಫ್’ನ ಶೀರ್ಷಿಕೆ ಪರದೆಯ ಮೇಲೆ ಮೂಡುತ್ತಿದ್ದಂತೆ ವಿವಿಯನ್ ಅದನ್ನು ಹರಿದುಕೊಂಡು ಹೊರಬಂದು, ಅದರ ಒಳ್ಳೆತನಕ್ಕೆ ಹಿಡಿಶಾಪ ಹಾಕುತ್ತಾನೆ. ಅಷ್ಟು ಸಿಟ್ಟು ಬರುವುದು ನೆಂಟರ ಮೇಲೆ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1984ರ ‘ಬ್ಯಾಂಬಿ’ ಎಂಬ ಕಂತು. ಇವರ ‘ಸ್ಕಂಬ್ಯಾಗ್ ಕಾಲೇಜು’ ಟಿವಿಯ ರಸಪ್ರಶ್ನೆ ಸ್ಪರ್ಧೆಗೆ ಹೊರಟಿದೆ. ರೈಲಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಬೇಡಿ ಎಂಬ ಫಲಕ ಕಾಣುತ್ತದೆ. ವಿವಿಯನ್ ಅದನ್ನು ನೋಡಿದ ಮೇಲೆಯೇ ತಲೆ ಹೊರಗೆ ಹಾಕುತ್ತಾನೆ. ತಲೆ ಹಾರಿ ಹಳಿಯ ಮೇಲೆ ಬೀಳುತ್ತದೆ. ಅದನ್ನು ಹುಡುಕಿಕೊಂಡು ಬಂದ ಮುಂಡವನ್ನು ರುಂಡ ಬಾಯಿಗೆ ಬಂದಂತೆ ಬೈಯುತ್ತದೆ. ರೇಗಿದ ಮುಂಡ ಅದನ್ನು ಚೆಂಡಿನಂತೆ ಒದೆಯುತ್ತದೆ.

ಸ್ಪರ್ಧೆಯಲ್ಲಿ ಇನ್ನೂ ಸೂಕ್ಷ್ಮವಾದ ಆಟವಿದೆ. ‘ಯೂನಿವರ್ಸಿಟಿ ಚಾಲೆಂಜ್’ ಎಂಬ ನಿಜವಾದ ಕಾರ್ಯಕ್ರಮದಲ್ಲಿ ಎರಡು ತಂಡಗಳು ಅಕ್ಕಪಕ್ಕ ಕೂತಿರುತ್ತಿದ್ದವು. ಪರದೆಯನ್ನು ಅಡ್ಡಕ್ಕೆ ಸೀಳಿ ಒಂದರ ಮೇಲೊಂದು ಕೂತಂತೆ ತೋರಿಸುತ್ತಿದ್ದರು. ‘ಬ್ಯಾಂಬಿ’ಯಲ್ಲಿ ನಿಜವಾಗಿಯೂ ಮಹಡಿ ಕಟ್ಟಿ ಮೇಲೊಂದು ಕೆಳಗೊಂದು ತಂಡ ಕೂರಿಸಿದ್ದಾರೆ. ವಿವಿಯನ್ ನೆಲಕ್ಕೆ ಒದ್ದಾಗ ಅವನ ಕಾಲು ಕೆಳಗಿನ ಸಿರಿವಂತ ತಂಡದ ನೆತ್ತಿಯ ಮೇಲೆ ಇಳಿಯುತ್ತದೆ. ಆ ತಂಡದಲ್ಲಿ ಕೂತಿದ್ದವರು ಸ್ಟೀಫನ್ ಫ್ರೈ, ಹ್ಯೂ ಲಾರಿ, ಎಮ್ಮಾ ಥಾಮ್ಸನ್ ಮತ್ತು ಬೆನ್ ಎಲ್ಟನ್. ಮೊದಲ ಮೂವರು ನಿಜಕ್ಕೂ ಕೇಂಬ್ರಿಜ್‌ನವರು. ಫ್ರೈ ಅಂತೂ 1980ರಲ್ಲಿ ಅಸಲಿ ಸ್ಪರ್ಧೆಯಲ್ಲೇ ಭಾಗವಹಿಸಿದ್ದರು. ಮೂವರೂ ತಮ್ಮನ್ನೇ ಗೇಲಿ ಮಾಡಿಸಿಕೊಳ್ಳಲು ಬಂದು ಕೂತಿದ್ದರು.

ಕೊನೆಯ ಕಂತಿನಲ್ಲಿ ನಾಲ್ವರೂ ಬ್ಯಾಂಕ್ ದೋಚಿ, ಕೆಂಪು ಡಬ್ಬಲ್ ಡೆಕ್ಕರ್ ಬಸ್ಸೊಂದನ್ನು ಕದ್ದು ಓಡುತ್ತಾರೆ. ಎದುರಿಗೆ ಕ್ಲಿಫ್ ರಿಚರ್ಡ್ ಚಿತ್ರದ ದೊಡ್ಡ ಫಲಕ. ಇಂಗ್ಲಿಷಿನಲ್ಲಿ ಕ್ಲಿಫ್ ಎಂದರೆ ಕಡಿದಾದ ಪ್ರಪಾತವೂ ಹೌದು. ‘ಕ್ಲಿಫ್!’ ಎಂದು ಕಿರುಚುವಷ್ಟರಲ್ಲಿ ಬಸ್ಸು ಫಲಕ ಹರಿದುಕೊಂಡು ಪ್ರಪಾತಕ್ಕೆ ಉರುಳುತ್ತದೆ. ತಳ ಮುಟ್ಟಿ ನಿಂತ ಬಸ್ಸಿನೊಳಗಿಂದ ಅಬ್ಬ, ಬಚಾವಾದೆವು ಎಂಬರ್ಥದ ಮಾತು ಕೇಳಿಸುತ್ತದೆ. ಮರುಕ್ಷಣವೇ ಬಸ್ಸು ಸಿಡಿಯುತ್ತದೆ.

ಆದರೂ 1986ರಲ್ಲಿ ನಾಲ್ವರೂ ಮತ್ತೆ ಎದ್ದು ಬಂದರು, ಪರೋಪಕಾರಕ್ಕಾಗಿ. ‘ಕಾಮಿಕ್ ರಿಲೀಫ್’ ಎಂಬ ಸಹಾಯ ನಿಧಿಗೆ ‘ಲಿವಿಂಗ್ ಡಾಲ್’ ಎಂಬ ಹಳೆಯ ಹಾಡನ್ನು ಹೊಸದಾಗಿ ಹಾಡಿದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇವರ ಕೂಗಾಟ, ತರಲೆಗಳ ನಡುವೆ ನಿಂತು ಶ್ರುತಿ ಬಿಡದೆ ಹಾಡಿದವನು ಸಾಕ್ಷಾತ್ ಕ್ಲಿಫ್ ರಿಚರ್ಡ್.