ಬಾವಿ ನೀರು: ಕಣ್ಣಿಗೆ ಕಾಣುವುದು, ಕಾಣದಿರುವುದು

ಬೋರ್‌ನಿಂದ ಎತ್ತಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ಎರಡು ತಾಸು ನಿಂತರೆ ಕೆಂಪಾಗುತ್ತದೆ, ಅದರಲ್ಲಿ ಕಾಸಿದ ಚಹಾ ಕಪ್ಪಗಾಗುತ್ತದೆ. ಖಾನಾಪುರದಂಥ ಜಂಬಿಟ್ಟಿಗೆಯ ನೆಲದಲ್ಲಿ ಇಂಥ ನೀರು ಸಿಗುವುದುಂಟು. ಕಾರಣ ಕಬ್ಬಿಣ. ನೆಲದಾಳದಲ್ಲಿ ಕಬ್ಬಿಣದ ಅಯಾನುಗಳು ಬಣ್ಣವಿಲ್ಲದೆ ಕರಗಿರುತ್ತವೆ. ಗಾಳಿ ತಾಕಿತೆಂದರೆ ತುಕ್ಕಾಗಿ ತಳಕ್ಕಿಳಿಯುತ್ತವೆ. ಚಹಾದ ಒಗರು ಕಬ್ಬಿಣದೊಡನೆ ಸೇರಿದರೆ ಕಪ್ಪು. ಹಿಂದಿನವರು ಅಳಲೆಕಾಯಿ, ಅನ್ನಭೇದಿ ಕೂಡಿಸಿ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಹಾಲು ಹಾಕದ ಚಹಾವನ್ನು ಎರಡು ಲೋಟಗಳಿಗೆ ಸುರಿದು, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ನಳದ ನೀರು ಬೆರೆಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಮನೆಮಂದಿ ಗಾಬರಿಯಾಗುವುದು ಈ ಕೆಂಪು ನೀರಿಗೇ. ಆದರೆ ಇದರಿಂದ ರುಚಿ, ಬಟ್ಟೆ ಕೆಡುವಷ್ಟು ಆರೋಗ್ಯ ಕೆಡುವುದಿಲ್ಲ. ಕೊಡದಿಂದ ಕೊಡಕ್ಕೆ ಸುರಿದು, ರಾತ್ರಿಯಿಡೀ ನಿಲ್ಲಿಸಿ, ಮೇಲಿನ ನೀರನ್ನು ಸೋಸಿದರೆ ಬಹುಪಾಲು ಹೋಗುತ್ತದೆ.

ನಿಜವಾದ ಚಿಂತೆ ಬೇರೆ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಬರುತ್ತದಾದರೂ, ನಳ ಬಾರದ ದಿನ ಬಾವಿ ಇದ್ದವರಿಗೆ ಬಾವಿಯೇ ಗತಿ. ನೀರೇನೋ ಕನ್ನಡಿಯಂತಿದೆ. ಪಕ್ಕದಲ್ಲೇ ಶೌಚಗುಂಡಿಯೋ ಗಟಾರವೋ ಇದ್ದರೆ?

ಇದಕ್ಕೊಂದು ಸುಲಭ ಪರೀಕ್ಷೆಯನ್ನು 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದರು. ಸಣ್ಣ ಬಾಟಲಿಯೊಳಗೆ ಬ್ಯಾಕ್ಟೀರಿಯಗಳಿಗೆ ಆಹಾರ, ಥಯೋಸಲ್ಫೇಟ್ ಮತ್ತು ಕಬ್ಬಿಣದ ಲವಣ ಹೀರಿದ ಕಾಗದವಿರುತ್ತದೆ. ಗುರುತಿನ ತನಕ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಸೋಂಕಿದ್ದರೆ ಅದರೊಡನೆ ಬಂದ ಬ್ಯಾಕ್ಟೀರಿಯಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದೇ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅದು ಕಬ್ಬಿಣದೊಡನೆ ಕೂಡಿ ಬಾಟಲಿ ಕಪ್ಪಾಗುತ್ತದೆ. (ಚಹಾ ಕೆಡಿಸಿದ ಕಬ್ಬಿಣ ಇಲ್ಲಿ ಉಪಕಾರಿ!) ಕಪ್ಪಾದರೆ ಮುಚ್ಚಳ ತೆಗೆದು ಮೂಸಬೇಡಿ. ಆ ಬಾವಿಯ ನೀರನ್ನು ಕುದಿಸದೆ ಕುಡಿಯಬೇಡಿ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ.

ಕುದಿಸಿದರೂ ಹೋಗದ್ದು ನೈಟ್ರೇಟ್. ಶೌಚಗುಂಡಿ, ತಿಪ್ಪೆ, ಹೊಲದ ಗೊಬ್ಬರಗಳಿಂದ ಇಳಿಯುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕುದಿಸಿದಷ್ಟೂ ನೀರು ಆವಿಯಾಗಿ ಅದರ ಪ್ರಮಾಣ ಏರುತ್ತದೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತವು ಆಮ್ಲಜನಕ ಒಯ್ಯಲಾರದೆ ತುಟಿ, ಉಗುರು ನೀಲಿಗಟ್ಟಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕಾಲೇಜಿನಲ್ಲಿ ಕಲಿತ ಕಂದು ಉಂಗುರದ ಪರೀಕ್ಷೆಯನ್ನು ಮಕ್ಕಳು ಮನೆಯಲ್ಲಿ ಮಾಡಹೊರಟಾರು! ಅದಕ್ಕೆ ಸಾಂದ್ರ ಗಂಧಕಾಮ್ಲ ಬೇಕು, ಅಡುಗೆಮನೆಗೆ ಅದು ಸಲ್ಲದು. ಹಳ್ಳಿಯವರು ಪಂಚಾಯಿತಿಯಲ್ಲಿ ನೀರಿನ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಉಳಿದವರು ಪ್ರಯೋಗಾಲಯಕ್ಕೆ ಕೊಡಿ. ನೈಟ್ರೇಟ್ ಪರೀಕ್ಷೆಗೆ ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬಿ, ಅಂದೇ ತಲುಪಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ.