ಪೆಟ್ರೋಲಿನ ಬಿಸಿಯೂ ಆವಿಯೂ

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದರ ತೂಕದ ಸುಮಾರು 14.7ರಷ್ಟು ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ, ಹೊಗೆಯಲ್ಲಿನ ವಿಷಾನಿಲಗಳನ್ನು ಕಳೆಯುವ ಕ್ರಿಯಾವರ್ಧಕವು ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಇದನ್ನು ತಪ್ಪಿಸುವ ಎರಡು ಕಾರಣಗಳನ್ನು ನಾವೀಗ ನೋಡೋಣ.

ಮೊದಲನೆಯದು ಶಾಖ. ಇಂಜೆಕ್ಟರು ಪೆಟ್ರೋಲನ್ನು ತೂಗಿ ಕೊಡುವುದಿಲ್ಲ. ಗೊತ್ತಾದಷ್ಟು ಕಾಲ ಬಾಯಿ ತೆರೆದು ಚಿಮ್ಮಿಸುವುದು. ಪೆಟ್ರೋಲು 20 ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಕಾದರೆ ಹಿಗ್ಗಿ, ಒಂದು ಲೀಟರಿನ ತೂಕ ಸುಮಾರು ಶೇಕಡ 2ರಷ್ಟು ಇಳಿಯುವುದು. ಆದ್ದರಿಂದ ಚಿಮ್ಮಿದ ಇಂಧನದ ತೂಕವೂ ತುಸು ಕುಗ್ಗಿ, ಮಿಶ್ರಣ ತೆಳುವಾಗುವುದು.

ಎರಡನೆಯದು ಆವಿ. ಟ್ಯಾಂಕಿನಲ್ಲೇಳುವ ಆವಿ ಬಯಲಿಗೆ ಸೇರದಂತೆ ಪಟುಗೊಳಿಸಿದ ಇದ್ದಲಿನ ಡಬ್ಬಿಯೊಂದು ಅದನ್ನು ಹಿಡಿದಿಡುವುದು. ಕ್ಯಾಲಿಫೋರ್ನಿಯದಲ್ಲಿ 1970ರ ಮಾದರಿಯ ಕಾರುಗಳಿಂದ ಆವಿಯ ತಡೆ ಕಡ್ಡಾಯವಾಯಿತು. ಎಂಜಿನ್ನು ನಡೆಯುವಾಗ ಕವಾಟ ತೆರೆದು, ಹೊರಗಾಳಿ ಇದ್ದಲಿನ ಮೂಲಕ ಹಾಯ್ದು ಆವಿಯನ್ನು ಎಂಜಿನ್ನಿಗೆ ಒಯ್ಯುವುದು. ಆಗ ಮಿಶ್ರಣ ದಟ್ಟವಾಗುವುದು.

ಹೊಗೆಯಲ್ಲುಳಿದ ಆಮ್ಲಜನಕವನ್ನು ಸಂವೇದಕವು ಗುರುತಿಸಿ ತಿಳಿಸಲು, ಕಾರಿನ ಗಣಕವು ಇಂಜೆಕ್ಟರು ತೆರೆದಿರುವ ಕಾಲವನ್ನು ಮಿಶ್ರಣ ತೆಳುವಾದರೆ ಹಿಗ್ಗಿಸಿ, ದಟ್ಟವಾದರೆ ಕುಗ್ಗಿಸುವುದು.

ಟ್ಯಾಂಕನ್ನು ಬಾಯಿಮಟ್ಟ ತುಂಬಬಾರದೆನ್ನುವುದೂ ಇದಕ್ಕಾಗಿಯೇ. ದ್ರವ ಪೆಟ್ರೋಲು ಡಬ್ಬಿಗೆ ನುಗ್ಗಿ ಇದ್ದಲು ನೆನೆದರೆ, ಅದು ಆವಿಯನ್ನು ಹಿಡಿಯಲಾರದು. ನಾವು ಉಸಿರಾಡುವ ಗಾಳಿಗೇ ಆ ಆವಿ ಸೇರುವುದು.